ಟ್ರಂಕಿನಲ್ಲಿ ರೊಟ್ಟಿಯಷ್ಟೇ ಸಾಲದು

ಮಗನೋ ಮಗಳೋ ಹಾಸ್ಟೆಲಿಗೆ ಹೊರಟರೆ ನಮ್ಮ ಮನೆಗಳಲ್ಲಿ ಮೊದಲು ಸಿದ್ಧವಾಗುವುದು ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ. ತಾಯಿಯ ಪ್ರೀತಿಗೆ ನನ್ನ ಆಕ್ಷೇಪವಿಲ್ಲ. ಆದರೆ ಹಾಸ್ಟೆಲಿನಿಂದ ನನ್ನ ಬಳಿ ಬರುವ ಮಕ್ಕಳಲ್ಲಿ ಹಸಿವಿನಿಂದ ಸೊರಗಿದವರು ಕಡಿಮೆ, ತುರಿಕೆಯಿಂದ ನಿದ್ದೆಗೆಟ್ಟವರೇ ಹೆಚ್ಚು.

ಇದಕ್ಕೆ ಕಾರಣವಿದೆ. ನಮ್ಮಲ್ಲಿ ಕಾಲೇಜು ಪ್ರವೇಶದ ಕಾಲವೆಂದರೆ ಮಳೆಗಾಲ. ಜಿಲ್ಲೆಯಲ್ಲೇ ಹೆಚ್ಚು ಮಳೆ ಬೀಳುವ ಖಾನಾಪುರ ತಾಲೂಕಿನಲ್ಲಂತೂ ಜುಲೈ ತಿಂಗಳಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಬೆಳಗಾವಿಯ ಹಾಸ್ಟೆಲ್ ಕೋಣೆಯಲ್ಲಿ ಮೂರು ನಾಲ್ಕು ಜನರ ಒದ್ದೆ ಬಟ್ಟೆ ಒಂದೇ ಹಗ್ಗದ ಮೇಲಿರುತ್ತದೆ.

ಕಳೆದ ಮಳೆಗಾಲದಲ್ಲಿ ಖಾನಾಪುರ ಕಡೆಯ ಒಬ್ಬ ವಿದ್ಯಾರ್ಥಿನಿ ಬಂದಳು. ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ಎರಡು ತಿಂಗಳಿಂದ ತುರಿಕೆ. ರಾತ್ರಿಯಾದರೆ ಇನ್ನೂ ಹೆಚ್ಚು. ಚಳಿಗೆಂದು ಗೆಳತಿಯೊಡನೆ ಒಂದೇ ಚಾದರದಲ್ಲಿ ಮಲಗುತ್ತಿದ್ದಳು. ಔಷಧದಂಗಡಿಯವರು ಕೊಟ್ಟ ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತು. ತುರಿಕೆ ಅಡಗಿತು, ಕಜ್ಜಿ ಹರಡಿತು. ಮನೆಯಲ್ಲಿ ಹೇಳಲಿಲ್ಲವೇಕೆ ಎಂದು ಕೇಳಿದೆ. “ಗೊತ್ತಾದರೆ ಕಾಲೇಜು ಬಿಡಿಸುತ್ತಾರೆ ಡಾಕ್ಟರ್” ಎಂದಳು.

ಕಜ್ಜಿ ಕೊಳಕುತನದ ಗುರುತಲ್ಲ. ಕಣ್ಣಿಗೆ ಕಾಣದ ಒಂದು ಹುಳ ಚರ್ಮದಿಂದ ಚರ್ಮಕ್ಕೆ ದಾಟುತ್ತದೆ, ಅಷ್ಟೆ. ನಾನು ಯುನಾನಿ ವೈದ್ಯನಾದರೂ ಆಕೆಯನ್ನು ಚರ್ಮರೋಗ ತಜ್ಞರ ಬಳಿಗೆ ಕಳುಹಿಸಿದೆ, ಏಕೆಂದರೆ ಇದಕ್ಕೆ ಪರ್ಮೆಥ್ರಿನ್‌ನಂಥ ಖಚಿತ ಔಷಧವಿದೆ. ಆದರೆ ಕೋಣೆಯ ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು, ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಇಲ್ಲದಿದ್ದರೆ ಕಜ್ಜಿ ಮರಳಿ ಬರುತ್ತದೆ.

ಆದ್ದರಿಂದ ಟ್ರಂಕಿನಲ್ಲಿ ಇವಿರಲಿ:

ಎರಡು ಹಾಸುಬಟ್ಟೆ, ಎರಡು ದಿಂಬಿನ ಚೀಲ, ತನ್ನದೇ ಆದ ಹೊದಿಕೆ. ದಪ್ಪ ರಗ್ಗು ಮಳೆಯಲ್ಲಿ ಒಣಗುವುದಿಲ್ಲ. ತೆಳುವಾದ ಎರಡು ಚಾದರ ಲೇಸು.

ಮೂರು ಟವೆಲ್. ಒಂದು ಸ್ನಾನಕ್ಕೆ, ಒಂದು ಮುಖಕ್ಕೆ, ಚಿಕ್ಕದೊಂದು ವುಝೂ ನಂತರ ಕಾಲ್ಬೆರಳ ಸಂದು ಒರೆಸಲು. ದಿನಕ್ಕೆ ಐದು ಬಾರಿ ಒದ್ದೆ ಕಾಲನ್ನು ಹಾಗೆಯೇ ಸಾಕ್ಸಿಗೆ ತುರುಕಿದರೆ ಅಲ್ಲಿ ಬೂಷ್ಟು ಬೆಳೆಯುತ್ತದೆ.

ಎಂಟು ಜೊತೆ ಹತ್ತಿಯ ಒಳಉಡುಪು, ಹಗ್ಗ, ಕ್ಲಿಪ್ಪು. ಹೆಣ್ಣುಮಕ್ಕಳಿಗೆ ಎರಡು ಸ್ಕಾರ್ಫ್ ಹೆಚ್ಚಿಗೆ. ಒದ್ದೆ ತಲೆಗೆ ಸ್ಕಾರ್ಫ್ ಕಟ್ಟಬಾರದು. ಎರಡು ತಿಂಗಳಿಗೆ ಸಾಲುವಷ್ಟು ಪ್ಯಾಡ್. ಬಟ್ಟೆ ಬಳಸುವವರಿಗೆ ಒಣಗಿಸಲು ಬಿಸಿಲು ಬೇಕು, ಅದು ಈಗ ಸಿಗದು.

ಥರ್ಮಾಮೀಟರ್, ಪ್ಯಾರಸಿಟಮಾಲ್, ನಾಲ್ಕು ಒಆರ್‌ಎಸ್ ಪ್ಯಾಕೆಟ್. ದೊಡ್ಡ ಪ್ಯಾಕೆಟ್ ಒಂದಕ್ಕೆ 1 ಲೀಟರ್ ಕುದಿಸಿ ಆರಿಸಿದ ನೀರು. ಆಸ್ತಮಾ, ಫಿಟ್ಸ್ ಇದ್ದವರು ತಮ್ಮ ಔಷಧವನ್ನು ಚೀಟಿಯ ಸಹಿತ ಒಯ್ಯಲಿ. ಎರಡು ದಿನದಲ್ಲಿ ಇಳಿಯದ ಜ್ವರಕ್ಕೆ ವೈದ್ಯರೇ ಬೇಕು.

ಇನ್ನು ಇಡಬಾರದವು: ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆ, ಹೆಸರಿಲ್ಲದ ಮುಲಾಮು, ಯಾರೋ ಕೊಟ್ಟ ಮಾಜೂನು. ಯುನಾನಿಯದೆಂಬ ಕಾರಣಕ್ಕೆ ಯಾವ ಮದ್ದೂ ನಿರಪಾಯಕಾರಿಯಾಗುವುದಿಲ್ಲ.

ಆರೋಗ್ಯಕ್ಕೆ ಅನಿವಾರ್ಯವೆಂದು ಯುನಾನಿ ವೈದ್ಯರು ಎಣಿಸುವ ಆರು ಸಂಗತಿಗಳಲ್ಲಿ ಮೊದಲನೆಯದು ಗಾಳಿ. ಮಳೆ ನಿಂತಾಗಲೆಲ್ಲ ಕಿಟಕಿ ತೆರೆಯಲು ಹೇಳಿ. ಅದೇ ಆರರಲ್ಲಿ ಮನಸ್ಸಿನ ನೆಮ್ಮದಿಯೂ ಒಂದು. ಅದನ್ನು ಕೊಡಬೇಕಾದವರು ನೀವು. ಬಸ್ ಹತ್ತಿಸುವ ಮುನ್ನ ಮಕ್ಕಳಿಗೆ ಹೀಗೆ ಹೇಳಿ: “ಏನೇ ಕಾಯಿಲೆ ಬಂದರೂ ಮೊದಲು ನಮಗೆ ತಿಳಿಸು. ಅದಕ್ಕಾಗಿ ನಿನ್ನ ಓದು ನಿಲ್ಲಿಸುವುದಿಲ್ಲ.” ತಾಯಿಯಷ್ಟೇ ಅಲ್ಲ, ತಂದೆಯೂ ಹೇಳಬೇಕು.

ಆ ವಿದ್ಯಾರ್ಥಿನಿಯ ತಂದೆಯನ್ನು ಆಕೆಯ ಒಪ್ಪಿಗೆ ಪಡೆದು ನಾನು ಕರೆಸಿದೆ. ಅವರು ಬಂದವರೇ ಬಹಳ ಹೊತ್ತು ಮೌನವಾಗಿದ್ದರು. “ನಾನು ಬಿಡಿಸುತ್ತೇನೆ ಅಂತ ಯಾವತ್ತೂ ಅಂದಿರಲಿಲ್ಲ ಡಾಕ್ಟರ್” ಎಂದರು. ಬಿಡಿಸುವುದಿಲ್ಲ ಎಂದೂ ಅವರು ಹೇಳಿರಲಿಲ್ಲ. ಈಗ ಆಕೆ ಎರಡನೇ ವರ್ಷದಲ್ಲಿ ಓದುತ್ತಿದ್ದಾಳೆ.