ಗೊತ್ತಿದ್ದೂ ಇಳಿಸಿದವರು

‘ಮ್ಯಾನ್‌ಹೋಲ್‌ಗೆ ಇಳಿದ ಇಬ್ಬರು ಉಸಿರುಗಟ್ಟಿ ಸಾವು’ ಎಂಬ ಸುದ್ದಿಯನ್ನು ಬೆಳಗಿನ ಕಾಫಿಯ ಜೊತೆ ಓದಿ, ಅರೆಕ್ಷಣ ಲೊಚಗುಟ್ಟಿ, ಪುಟ ತಿರುವಿದವರೇ, ಈ ಮಾತು ನಿಮಗೇ. ನೀವು ಕೆಟ್ಟವರಲ್ಲ. ಮನೆಗೆಲಸದಾಕೆಯ ಮಗಳ ಫೀಸು ಕಟ್ಟಿದವರು ನೀವು, ಕೋವಿಡ್ ದಿನಗಳಲ್ಲಿ ಊರಿಗೆ ನಡೆದು ಹೊರಟವರ ಕೈಗೆ ಅನ್ನದ ಪೊಟ್ಟಣ ಇಟ್ಟವರು ನೀವು. ಅದಕ್ಕೇ ನಿಮ್ಮೆದುರು ಬಾಯಿಬಿಡುವ ಧೈರ್ಯ ನನಗೆ.

ಆ ಗುಂಡಿಯೊಳಗೆ ಏನಿದೆ ಎಂದು ನಿಮಗೆ ಗೊತ್ತು. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಇದೆ. ಅದು ಹೆಚ್ಚಾದಾಗ ಮೊದಲು ಮೂಗನ್ನೇ ಸಾಯಿಸುತ್ತದೆ; ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಒಳಗಿದ್ದವನು ಅಂದುಕೊಳ್ಳುವ ಹೊತ್ತಿಗೆ ಅವನ ಕಾಲು ಸೋತಿರುತ್ತದೆ. ಮೇಲಿನಿಂದ ಕೂಗುತ್ತಾರೆ, ಅವನು ಓಗೊಡುವುದಿಲ್ಲ. ಆಗ ಇನ್ನೊಬ್ಬ ಇಳಿಯುತ್ತಾನೆ. ಅಣ್ಣನಿಗಾಗಿ ತಮ್ಮ, ಅಪ್ಪನಿಗಾಗಿ ಮಗ, ಜೊತೆಗಾರನಿಗಾಗಿ ಜೊತೆಗಾರ. ಸುದ್ದಿಯಲ್ಲಿ ಸತ್ತವರು ಇಬ್ಬರು, ಮೂವರು ಎಂದಿರುವುದು ಹೀಗೆ. ಇದೂ ನಿಮಗೆ ಗೊತ್ತು.

‘ಯಾರೂ ಬೇಕೆಂದು ಸಾಯಿಸಲಿಲ್ಲವಲ್ಲ’ ಎನ್ನುತ್ತೀರಿ. ಒಪ್ಪಿದೆ. ಅಲ್ಲಿ ಹಗೆಯಿರಲಿಲ್ಲ, ಸಂಚಿರಲಿಲ್ಲ. ಆದರೆ 1860ರ ದಂಡ ಸಂಹಿತೆಯ 299ನೇ ಕಲಂ ಆಗಲಿ, 2024ರ ಜುಲೈ 1ರಂದು ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 100ನೇ ಕಲಂ ಆಗಲಿ, ನರಹತ್ಯೆ ಎನ್ನಲು ಕೊಲ್ಲುವ ಉದ್ದೇಶ ಇರಲೇಬೇಕು ಎಂದು ಹೇಳುವುದಿಲ್ಲ. ಈ ಕೆಲಸದಿಂದ ಸಾವು ಬರುವ ಸಂಭವವಿದೆ ಎಂದು ತಿಳಿದೂ ಆ ಕೆಲಸ ಮಾಡಿದರೆ, ಆ ತಿಳಿವೇ ಸಾಕು ಎನ್ನುತ್ತವೆ. 2006ರಲ್ಲಿ ಮುಂಬಯಿಯ ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಗಳ ಮೇಲೆ ಕುಡಿದವನೊಬ್ಬನ ಕಾರು ಹರಿದು ಏಳು ಮಂದಿ ಸತ್ತರು. ಅವನಿಗೆ ಅವರ ಪರಿಚಯವೂ ಇರಲಿಲ್ಲ, ದ್ವೇಷವಂತೂ ದೂರದ ಮಾತು. ಆದರೂ ಕುಡಿದು ಹಾಗೆ ಓಡಿಸಿದರೆ ಏನಾದೀತೆಂಬುದು ಅವನಿಗೆ ತಿಳಿದಿತ್ತು ಎಂದೇ 2012ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ಎತ್ತಿಹಿಡಿಯಿತು. (ಮೂರೇ ವರ್ಷ. ಏಳು ಜೀವಕ್ಕೆ. ಆ ಮಾತು ಬೇರೆ.)

ಗುಂಡಿಯ ಸಾವುಗಳು ಮಾತ್ರ ಸಾಮಾನ್ಯವಾಗಿ ಅದೇ ನ್ಯಾಯ ಸಂಹಿತೆಯ 106ನೇ ಕಲಮಿನ ಕೆಳಗೆ, ‘ನಿರ್ಲಕ್ಷ್ಯದಿಂದ ಸಾವು’ ಎಂದು ದಾಖಲಾಗುತ್ತವೆ. ಅದರ ಗರಿಷ್ಠ ಶಿಕ್ಷೆ ಐದು ವರ್ಷ. ತಿಳಿದೂ ಮಾಡಿದ ನರಹತ್ಯೆಗೆ 105ರಲ್ಲಿ ಹತ್ತು ವರ್ಷದವರೆಗೆ ಇದೆ. ವರ್ಷಗಳ ಲೆಕ್ಕ ನನಗೆ ದೊಡ್ಡದಲ್ಲ, ಸೇಡೂ ಬೇಡ. ನಿಜವಾಗಿ ಎಚ್ಚರ ತಪ್ಪಿದವನಿಗೂ ತಿಳಿದೂ ತಿಳಿದೂ ಇಳಿಸಿದವನಿಗೂ ಕಾನೂನು ಬೇರೆ ಅಳತೆ ಇಟ್ಟಿರುವುದು ನ್ಯಾಯವೇ. ನನ್ನ ಸಂಕಟ ಇಷ್ಟೇ: ಎಲ್ಲರಿಗೂ ಗೊತ್ತಿದ್ದ ಸಾವನ್ನು, ಯಾರಿಗೂ ಗೊತ್ತಿರಲಿಲ್ಲ ಎಂಬಂತೆ ಬರೆಯುತ್ತಾರಲ್ಲ, ಸತ್ತವನ ಹೆಂಡತಿ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾಳಲ್ಲ.

‘ಅವನೇ ಒಪ್ಪಿ ಇಳಿದ’ ಎಂದೂ ಹೇಳುತ್ತಾರೆ. ಸಾವು ತರಬಹುದೆಂದು ತಿಳಿದ ಕೆಲಸಕ್ಕೆ ಸತ್ತವನ ಒಪ್ಪಿಗೆ ರಕ್ಷಣೆಯಾಗದು ಎಂಬುದು ಕಾನೂನಿನಲ್ಲೇ ಇದೆ. ಅಲ್ಲದೆ, ಮನೆಯಲ್ಲಿ ಅಕ್ಕಿ ಮುಗಿದವನ ಒಪ್ಪಿಗೆ ಎಂಥದ್ದು, ನೀವೇ ಹೇಳಿ. ಇಳಿಯುವವರಲ್ಲಿ ಹೆಚ್ಚಿನವರು ಯಾವ ಕೇರಿಯಿಂದ ಬರುತ್ತಾರೆ, ಯಾವ ಜಾತಿಯವರು ಎಂಬುದು ನಿಮಗೆ ಗೊತ್ತು. 2010ರಲ್ಲಿ ಸವಣೂರಿನಲ್ಲಿ ಮಲ ಬಾಚುವ ಭಂಗಿ ಕುಟುಂಬದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತದ್ದನ್ನು ನಾವೆಲ್ಲ ಕಂಡೆವು. ಕಂಡು, ತಲೆ ತಗ್ಗಿಸಿ, ಮರೆತೆವು.

ಗೊತ್ತಿರಲಿಲ್ಲ ಎನ್ನಲು ದಾರಿ ಉಳಿದಿಲ್ಲ. ರಕ್ಷಣೆಯಿಲ್ಲದೆ ಚರಂಡಿಗೂ ಮಲಗುಂಡಿಗೂ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿತು. ತುರ್ತಿದ್ದರೂ ಹಾಗೆ ಇಳಿಸುವುದು ಅಪರಾಧವಾಗಬೇಕು ಎಂದು ಮರುವರ್ಷ ಸುಪ್ರೀಂ ಕೋರ್ಟ್ ಹೇಳಿತು, ಪ್ರತಿ ಸಾವಿಗೆ ಹತ್ತು ಲಕ್ಷ ಪರಿಹಾರ ಎಂದಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಬೆಳೆಯುತ್ತಲೇ ಇದೆ, ಇಳಿಯುವವರೂ ಇಳಿಯುತ್ತಲೇ ಇದ್ದಾರೆ.

ಆದ್ದರಿಂದ ಬೇಡುತ್ತೇನೆ. ನಿಮ್ಮ ಬೀದಿಯಲ್ಲಿ ಚರಂಡಿ ಕಟ್ಟಿಕೊಂಡರೆ ಜಲಮಂಡಳಿಗೋ ಪುರಸಭೆಗೋ ಫೋನು ಮಾಡಿ, ಯಂತ್ರ ಬರುವತನಕ ಎರಡು ದಿನ ನಾತ ಸಹಿಸಿ. ಅಪಾರ್ಟ್‌ಮೆಂಟಿನ ಸಭೆಯಲ್ಲಿ ‘ಎಸ್‌ಟಿಪಿ ಕೊಳಚೆ ಟ್ಯಾಂಕು ತೊಳೆಸೋಕೆ ಕಡಿಮೆ ರೇಟಿನವನು ಸಿಕ್ಕಿದ್ದಾನೆ’ ಎಂದು ಯಾರಾದರೂ ಹೇಳಿದರೆ, ಆ ರೇಟಿನಲ್ಲಿ ಯಂತ್ರ ಬರುತ್ತದೋ ಮನುಷ್ಯ ಇಳಿಯುತ್ತಾನೋ ಎಂದು ಅಲ್ಲೇ ಕೇಳಿ. ಮುಜುಗರವಾದರೂ ಕೇಳಿ.

ಅಷ್ಟಾಗಿಯೂ ಸಾವು ಆಗಿಹೋದರೆ, ಪೊಲೀಸರು ಮಹಜರಿಗೆ ಬಂದಾಗ ಬಾಲ್ಕನಿಯ ಬಾಗಿಲು ಹಾಕಿಕೊಳ್ಳಬೇಡಿ. ತಿಳಿದಿತ್ತು ಎಂಬುದನ್ನು ಕೋರ್ಟಿನಲ್ಲಿ ಯಾರಾದರೂ ಸಾಬೀತು ಮಾಡಬೇಕು. ಸತ್ತವನು ಮಾಡಲಾರ, ಅವನ ಹೆಂಡತಿ ಅಲ್ಲಿರಲಿಲ್ಲ, ಜೊತೆಗಾರನಿಗೆ ನಾಳೆಯ ಕೂಲಿಯ ಭಯ. ಕಂಡವರು ನೀವು. ಮುಚ್ಚಳ ತೆಗೆದವರು ಯಾರು, ಹಗ್ಗವಿತ್ತೇ, ಗಾಳಿ ಪರೀಕ್ಷಿಸಿದರೇ, ‘ಇಳಿಯೋ’ ಎಂದವರು ಯಾರು, ಎಲ್ಲವನ್ನೂ ಹೇಳಿ. ಹೇಳಿದ್ದನ್ನು ಬರೆದುಕೊಂಡರೇ ಎಂದು ಓದಿ ನೋಡಿ. ಎಫ್‌ಐಆರ್‌ನಲ್ಲಿ ಯಾವ ಕಲಂ ಹಾಕಿದ್ದಾರೆ, 105 ಏಕಿಲ್ಲ ಎಂದು ವಿಚಾರಿಸಿ. ಇಳಿಸಿದವರ ಪೈಕಿ ನಿಮ್ಮದೇ ಸಂಘದ ಕಾರ್ಯದರ್ಶಿಯ ಹೆಸರಿದ್ದರೂ, ದಿನಾ ಲಿಫ್ಟಿನಲ್ಲಿ ನಮಸ್ಕಾರ ಹೇಳುವ ಅವರ ಹೆಸರನ್ನೂ ಹೇಳಿ.