ಆಟದ ರಾತ್ರಿ, ಡ್ಯೂಟಿಯ ಬೆಳಿಗ್ಗೆ

ಕಳೆದ ತಿಂಗಳು ಊರಿಗೆ ದುಡ್ಡು ಕಳಿಸೋ ಲೆಕ್ಕ ಬರೆದಿದ್ದೆವು. ಈ ಸಲ ಲೆಕ್ಕದ ಪುಸ್ತಕ ಪಕ್ಕಕ್ಕಿಟ್ಟು ಕಾಲಿನ ವಿಷಯ ಹೇಳ್ತೀವಿ.

ಇಲ್ಲಿ ಮನಾಮಾದಲ್ಲಿ ನಮ್ಮ ಹೆಣ್ಣುಮಕ್ಕಳು ಶುಕ್ರವಾರ ಸಂಜೆ ಫುಟ್‌ಬಾಲ್ ಆಡೋದು ನಿಮಗೆ ಗೊತ್ತೇ ಇದೆ. ನರ್ಸ್‌ಗಳು, ಕ್ಯಾಷಿಯರ್‌ಗಳು, ಹೋಟೆಲಿನ ಹೌಸ್‌ಕೀಪಿಂಗ್‌ನವರು. ಮೈದಾನದ ಬಾಡಿಗೆಯ ಲೆಕ್ಕ, ನೀರಿನ ಬಾಟಲಿ ನಮ್ಮ ಪಾಲಿಗೆ. ವಾರವೆಲ್ಲ ನಿಂತೇ ದುಡಿಯುವ ಕಾಲು ಒಂದೇ ಸಂಜೆ ಇಷ್ಟೊಂದು ಓಡಿದರೆ ನೋಯದೆ ಇರುತ್ತಾ? "ಅಣ್ಣಾ, ಮೆಟ್ಟಿಲು ಇಳಿಯೋಕೇ ಆಗ್ತಿಲ್ಲ" ಅಂತ ಶನಿವಾರ ಫೋನ್ ಬರುತ್ತೆ. ರಜೆ ಹಾಕಿದರೆ ಸಂಬಳ ಹೋಗುತ್ತೆ. ಮಾತ್ರೆ ನುಂಗಿ ಡ್ಯೂಟಿಗೆ ಹೋಗೋರೇ ಹೆಚ್ಚು.

ಕಳೆದ ಚಳಿಗಾಲದಲ್ಲಿ ನಾವೊಂದು ತಪ್ಪು ಮಾಡಿದೆವು. ಒಬ್ಬ ಹುಡುಗಿಯ ಪಾದ ಉಳುಕಿತು. ಊರಿನ ಅಭ್ಯಾಸ, "ಬಾಮ್ ಹಚ್ಚಿ ಚೆನ್ನಾಗಿ ತಿಕ್ಕಮ್ಮ" ಎಂದುಬಿಟ್ಟೆವು. ಬೆಳಿಗ್ಗೆ ಬೂಟಿನೊಳಗೆ ಕಾಲು ಹೋಗಲಿಲ್ಲ. ಹತ್ತು ದಿನದ ಸಂಬಳ ಹೋಯ್ತು. ಆಮೇಲೆ ನಮ್ಮವರೇ ಆದ ಫಿಸಿಯೋಥೆರಪಿಸ್ಟ್ ಒಬ್ಬರು ಕೂರಿಸಿಕೊಂಡು ಹೇಳಿದರು: ದಣಿದ ಮಾಂಸಖಂಡ ಬೇರೆ, ಪೆಟ್ಟಾದ ಜಾಗ ಬೇರೆ. ಮೊದಲನೆಯದನ್ನು ನೀವಬಹುದು, ಎರಡನೆಯದನ್ನು ತಿಕ್ಕಬಾರದು.

ದಣಿವಿನ ನೋವು ಎರಡೂ ಕಾಲಲ್ಲಿ, ಮಾಂಸದ ತುಂಬ ಹರಡಿರುತ್ತೆ. ಮರುದಿನ ಶುರುವಾಗಿ, ಸಾಮಾನ್ಯವಾಗಿ ಎರಡನೇ ದಿನ ಜೋರಾಗಿ, ಆಮೇಲೆ ಇಳಿಯುತ್ತೆ. ಇದಕ್ಕೆ ಆಟ ಮುಗಿದ ರಾತ್ರಿ ಹತ್ತು ನಿಮಿಷ ಸಾಕು.

ಅಂಗಾಲು: ಕುರ್ಚಿಯಲ್ಲಿ ಕೂತು ಟೆನಿಸ್ ಚೆಂಡನ್ನು ಹಿಮ್ಮಡಿಯಿಂದ ಬೆರಳಿನವರೆಗೆ ನಿಧಾನ ಉರುಳಿಸಿ.

ಮೀನಖಂಡ: ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಎರಡೂ ಹೆಬ್ಬೆರಳಿಂದ ಹಿಮ್ಮಡಿ ಕಡೆಯಿಂದ ಮೇಲಕ್ಕೆ ನೀವಿ.

ತೊಡೆ: ಫೋಮ್ ರೋಲರ್ ಇದ್ದರೆ ಬೋರಲು ಮಲಗಿ ಮುಂಭಾಗ, ಕೂತು ಹಿಂಭಾಗ ಉರುಳಿಸಿ. ಇಲ್ಲದಿದ್ದರೆ ಲಟ್ಟಣಿಗೆ ಸಾಕು, ಕೈಯಲ್ಲಿ ಹಿಡಿದು ಹಗುರವಾಗಿ ಉರುಳಿಸಿ.

ಪೃಷ್ಠ: ಗೋಡೆಗೂ ಮೈಗೂ ನಡುವೆ ಚೆಂಡಿಟ್ಟು ಒರಗಿ.

ಒಂದೊಂದು ಜಾಗಕ್ಕೆ 30ರಿಂದ 60 ಸೆಕೆಂಡ್. ಉಸಿರು ಬಿಗಿಹಿಡಿಯಬೇಡಿ. ಹಿತವಾದ ನೋವು ಸರಿ, ಹಲ್ಲು ಕಚ್ಚುವಷ್ಟು ಒತ್ತಿದರೆ ಲಾಭವಿಲ್ಲ. ಮೊಣಕಾಲ ಚಿಪ್ಪು, ಮೂಳೆ, ಮೊಣಕಾಲ ಹಿಂದಿನ ಗುಳಿ, ಇವುಗಳ ಮೇಲೆ ಒತ್ತಲೇಬಾರದು.

ಊತ, ನೀಲಿಗಟ್ಟಿದ ಜಾಗ, ಚುಚ್ಚುವ ನೋವು ಇದ್ದರೆ ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಟ್ಟು, ಕಾಲು ಮೇಲೆತ್ತಿ ಮಲಗಿ. ಕಾಲೂರಲು ಆಗದಿದ್ದರೆ ವೈದ್ಯರ ಹತ್ತಿರ ಹೋಗಿ. ಇನ್ನೊಂದು ಮುಖ್ಯ ಮಾತು. ಊರಿಂದ ವಿಮಾನದಲ್ಲಿ ಬಂದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಗರ್ಭನಿರೋಧಕ ಮಾತ್ರೆ ತಗೊಳ್ಳೋರಿಗೆ ಈ ಭಯ ಇನ್ನೂ ಹೆಚ್ಚು. ಮಸಾಜ್ ಬೇಡವೇ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಮಾಡಿದರೂ ಮಸಾಜ್ ನೋವನ್ನು ಸ್ವಲ್ಪ ಇಳಿಸುತ್ತೆ ಅಷ್ಟೇ, ಗಾಯ ತಡೆಯಲ್ಲ. ಮೊಣಕಾಲಿನೊಳಗಿನ ಎಸಿಎಲ್ ಲಿಗಮೆಂಟ್ ಹರಿಯುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇಂಗ್ಲೆಂಡಿನ ನಾಯಕಿ ಲಿಯಾ ವಿಲಿಯಮ್ಸನ್ 2023ರ ವಿಶ್ವಕಪ್ ತಪ್ಪಿಸಿಕೊಂಡದ್ದು ಇದರಿಂದಲೇ. ಅದಕ್ಕೆ ಆಟಕ್ಕೆ ಮುಂಚೆ 'ಫಿಫಾ 11+' ಎಂಬ ಇಪ್ಪತ್ತು ನಿಮಿಷದ ವಾರ್ಮಪ್ ಇದೆ. ಬರೋ ಶುಕ್ರವಾರದಿಂದ ನಾವೂ ಅದನ್ನೇ ಶುರುಮಾಡ್ತೀವಿ, ಬಾಡಿಗೆಯ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಕಡಿಮೆಯಾದರೂ ಸರಿ.

ದೀಪಾವಳಿಗೆ ಅಮ್ಮ ಎಣ್ಣೆ ಹಚ್ಚಿ ನೀವುತ್ತಿದ್ದರು. ಇಲ್ಲಿ ನೀವಲು ನಮ್ಮ ಕೈಯೇ ಇರೋದು. ಬರುವಾಗ ಒಂದು ಟೆನಿಸ್ ಚೆಂಡು ತನ್ನಿ, ತಂಗಿಯರೇ. ನೋವಿದ್ದರೆ ಮುಚ್ಚಿಡಬೇಡಿ, ಆಟಕ್ಕೆ ಮುಂಚೆಯೇ ಹೇಳಿ.