ಕಡಲಿಗೆ ಇಳಿಯುವ ಮುನ್ನ



ಸುರಪುರ ತಾಲೂಕಿನ ನೀಲಕಂಠರಾಯನಗಡ್ಡಿ ಕೃಷ್ಣಾ ನದಿಯ ನಡುಗಡ್ಡೆ. 2014ರ ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುತ್ತಿದ್ದಾಗ ಅಲ್ಲಿಯ ತುಂಬು ಗರ್ಭಿಣಿಯೊಬ್ಬರು ಸುರಕ್ಷಿತ ಹೆರಿಗೆಗಾಗಿ ಈಜಿ ದಡ ಸೇರಿದ ಸಂಗತಿ ಪತ್ರಿಕೆಗಳಲ್ಲಿ ಬಂದಿತ್ತು. ಆ ತಾಯಿಯ ಎದೆಗಾರಿಕೆಯನ್ನು ಎಲ್ಲರೂ ಕೊಂಡಾಡಿದರು. ಆದರೆ ಗಮನಿಸಬೇಕಾದುದು ಮತ್ತೊಂದಿದೆ. ಅವರು ಒಬ್ಬಂಟಿಯಾಗಿ ನೀರಿಗಿಳಿಯಲಿಲ್ಲ. ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡಿದ್ದರು; ಮನೆಯವರು ಜೊತೆಯಲ್ಲಿ ಈಜುತ್ತಿದ್ದರು. ಅವರನ್ನು ದಡ ಸೇರಿಸಿದ್ದು ಧೈರ್ಯವೊಂದೇ ಅಲ್ಲ, ಸಿದ್ಧತೆಯೂ ಹೌದು.

ಇದನ್ನು ಈಗ ನೆನೆಯಲು ಕಾರಣವುಂಟು. ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ಮಕ್ಕಳೂ ಈಗ ರಜೆಯಲ್ಲಿ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಬಯಸುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ನೀರೊಳಗೆ ಉಸಿರಾಡುತ್ತ, ಕಡಲ ಜೀವರಾಶಿಯನ್ನು ಕಾಣುವುದು ಚೆಲುವಾದ ಅನುಭವವೇ ಸರಿ. ಆದರೆ ಭಾವಿ, ಕಾಲುವೆಗಳಲ್ಲಿ ಈಜಬಲ್ಲೆವೆಂಬ ಭರವಸೆ ಕಡಲಿಗೆ ಸಾಲದು.

ಭಾವಿಗೆ ಜಿಗಿಯುವಾಗ ಉಸಿರು ಬಿಗಿಹಿಡಿಯುವುದು ನಮ್ಮ ರೂಢಿ. ಸ್ಕೂಬಾದಲ್ಲಿ ಅದೇ ಅಪಾಯ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಇಮ್ಮಡಿಯಾಗಿರುತ್ತದೆ. ಅಲ್ಲಿ ಎಳೆದುಕೊಂಡ ಗಾಳಿ ಮೇಲೇರುವಾಗ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶ ಹರಿದೀತು. ಆದುದರಿಂದ ಎಡೆಬಿಡದೆ ಉಸಿರಾಡುತ್ತ ನಿಧಾನವಾಗಿ ಏರಬೇಕು. ಉಬ್ಬಸ, ಹೃದ್ರೋಗ, ಕಿವಿನೋವು, ನೆಗಡಿಗಳಿದ್ದರೆ ಮುಚ್ಚಿಡದೆ ಹೇಳಬೇಕು. ವೈದ್ಯರು ಬೇಡವೆಂದರೆ ಇಳಿಯಬಾರದು.

ಇನ್ನು ದೋಣಿಯ ಮಾತು. 2019ರ ಜನವರಿ 21ರಂದು ಕಾರವಾರದ ಸಮೀಪ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಜೀವ ತೆತ್ತರು. 1998ರಲ್ಲಿ ಆಸ್ಟ್ರೇಲಿಯದ ಕಡಲಿನಲ್ಲಿ ತಲೆ ಎಣಿಸುವಾಗ ತಪ್ಪಿ, ಡೈವಿಂಗಿಗೆ ಇಳಿದಿದ್ದ ದಂಪತಿಗಳನ್ನು ನೀರಿನಲ್ಲೇ ಬಿಟ್ಟು ದೋಣಿ ದಡಕ್ಕೆ ಮರಳಿತು. ಅವರು ಮತ್ತೆ ಸಿಗಲೇ ಇಲ್ಲ.

ಆದ್ದರಿಂದ ಹಣ ಕೊಡುವ ಮೊದಲೇ ಕೇಳಿರಿ: ದೋಣಿಗೆ ಎಷ್ಟು ಜನರ ಮಿತಿ? ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ? ಪ್ರಾಣವಾಯುವಿನ ಸಿಲಿಂಡರ್, ಪ್ರಥಮೋಪಚಾರದ ಪೆಟ್ಟಿಗೆ, ರೇಡಿಯೋ ಇವೆಯೇ? ಹೊಸಬರ ಕೈಹಿಡಿದು ಇಳಿಯುವ ತರಬೇತಾದ ಶಿಕ್ಷಕರಿದ್ದಾರೆಯೇ? ಇಳಿಯುವ ಮೊದಲೂ, ಹತ್ತಿದ ಮೇಲೂ ಹೆಸರು ಕರೆದು ಎಣಿಸುತ್ತಾರೆಯೇ? ಸೀಟಿಯೊಂದು ಕೊರಳಲ್ಲಿರಲಿ, ಅಲೆಗಳ ನಡುವೆ ಕೂಗಿಗಿಂತ ಅದು ದೂರ ಕೇಳಿಸುತ್ತದೆ. ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಯನ್ನು ಮನೆಯವರೂ ಬರೆದಿಟ್ಟುಕೊಳ್ಳಲಿ. ದೋಣಿಯವರು ಇಂದು ಕಡಲು ಸರಿಯಿಲ್ಲವೆಂದರೆ ವಾದಿಸದೆ ಹಿಂದಿರುಗಿರಿ.

ನಮ್ಮ ಬಯಲುನಾಡಿನವರಿಗೆ ಮತ್ತೊಂದು ಎಚ್ಚರಿಕೆ ಅವಶ್ಯ. ಆಳದಲ್ಲಿ ರಕ್ತದೊಳಗೆ ಬೆರೆತ ಸಾರಜನಕ ಹೊರಹೋಗಲು ಕಾಲ ಬೇಕು. ಎತ್ತರ ಏರಿದರೆ ಅದು ಗುಳ್ಳೆಗಟ್ಟಿ ಕೀಲುನೋವು, ಜೋಮು ತಂದೀತು. ಆದುದರಿಂದ ಡೈವಿಂಗ್ ಮಾಡಿದ ದಿನವೇ ಘಟ್ಟ ಹತ್ತಿ ಊರ ಹಾದಿ ಹಿಡಿಯದೆ, ಒಂದು ರಾತ್ರಿ ಕರಾವಳಿಯಲ್ಲೇ ತಂಗುವುದು ಲೇಸು.

ತಾಯಂದಿರೇ, ಮಕ್ಕಳನ್ನು ಬೇಡವೆಂದು ತಡೆಯಬೇಡಿರಿ. ಬುರುಡೆ ಕಟ್ಟಿಕೊಂಡಿರೋ ಇಲ್ಲವೋ ಎಂದು ಕೇಳಿ ಕಳುಹಿಸಿರಿ.